ತೋಳಿನ ಬಲ, ಕೀಲಿನ ಕೋನ: ಒಂದು ಚರಿತ್ರೆ

ತೋಳಿನಲ್ಲಿ ಎಷ್ಟು ಬಲವಿದೆ ಎಂದು ಯಾರಾದರೂ ಕೇಳಿದರೆ ನಾವು ಸಾಮಾನ್ಯವಾಗಿ ಒಂದು ಸಂಖ್ಯೆಯನ್ನು ಹೇಳಿ ಮುಗಿಸುತ್ತೇವೆ. ಇಷ್ಟು ಕಿಲೋ ಎತ್ತುತ್ತೇನೆ, ಇಷ್ಟು ದಂಡ ಹೊಡೆಯುತ್ತೇನೆ ಎನ್ನುವುದೇ ನಮ್ಮ ಉತ್ತರ. ಆದರೆ ಅದೇ ಮನುಷ್ಯ, ಅದೇ ತೋಳು, ಅದೇ ದಿನ. ಮೊಣಕೈಯನ್ನು ತುಸು ಮಡಿಸಿದಾಗ ಒಂದು ಬಲ, ಬಿಚ್ಚಿದಾಗ ಇನ್ನೊಂದು ಬಲ. ಹಾಗಾದರೆ ತೋಳಿನ ನಿಜವಾದ ಬಲ ಯಾವುದು? ಕೀಲು ಯಾವ ಕೋನದಲ್ಲಿದೆ ಎಂಬುದನ್ನು ಹೇಳದೆ ಈ ಪ್ರಶ್ನೆಗೆ ಉತ್ತರ ಕೊಡುವಂತಿಲ್ಲ. ದುಡಿಯುವವರ ಮೈಗೆ ಇದು ಎಂದೋ ತಿಳಿದಿತ್ತು. ಅದರ ಕಾರಣಗಳನ್ನು ಒಂದೊಂದಾಗಿ ಬಿಡಿಸಲು ವಿಜ್ಞಾನಕ್ಕೆ ಸುಮಾರು 300 ವರ್ಷ ಬೇಕಾಯಿತು. ಕಿರುತೆರೆಯ ಭಾಷಣದಲ್ಲಿ ಸಮಯ ಸಾಲದೆ ಬಿಟ್ಟುಹೋದ ಆ ಚರಿತ್ರೆಯನ್ನು ಇಲ್ಲಿ ಸ್ವಲ್ಪ ಬಿಡುವಾಗಿ ನೋಡೋಣ.

ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನಲ್ಲಿ ತೆಂಗಿನಗುಂಡಿ ಎಂಬ ಮೀನುಗಾರಿಕೆ ಬಂದರು ಇದೆ. ಇಂದು ಅಲ್ಲಿ ಯಂತ್ರದ ಬೋಟುಗಳು ಸಾಲುಗಟ್ಟಿ ನಿಲ್ಲುತ್ತವೆ. ಆದರೆ 1970ರ ದಶಕದವರೆಗೂ ಭಟ್ಕಳ, ಹೊನ್ನಾವರ, ಕುಮಟಾದ ಕಡಲತೀರವೆಲ್ಲ ರಂಪಣಿಯ ಸೀಮೆಯಾಗಿತ್ತು. ದೊಡ್ಡ ದೋಣಿಯೊಂದು ಬಲೆಯನ್ನು ಹೇರಿಕೊಂಡು, ಹುಟ್ಟು ಹಾಕುತ್ತ ಒಳಕ್ಕೆ ಹೋಗಿ, ಅರ್ಧಚಂದ್ರಾಕಾರವಾಗಿ ಬಲೆ ಬಿಡುತ್ತ ಮರಳಿ ದಡ ಸೇರುತ್ತಿತ್ತು. ಬಲೆಯ ಎರಡು ತುದಿಯ ಹಗ್ಗಗಳನ್ನು ಹತ್ತಾರು ಜನ ಎರಡು ಸಾಲಾಗಿ ನಿಂತು ಎಳೆಯುತ್ತಿದ್ದರು. ಬಂಗಡೆಯ ಹಿಂಡು ಬಿದ್ದಿದ್ದರೆ ಆ ಎಳೆತ ಗಂಟೆಗಟ್ಟಲೆ ನಡೆಯುತ್ತಿತ್ತು. ರಂಪಣಿಯ ಚಿಕ್ಕ ರೂಪವಾದ ಕೈರಂಪಣಿಯನ್ನು ಕರಾವಳಿಯಲ್ಲಿ ಈಗಲೂ ಅಲ್ಲಲ್ಲಿ ಕಾಣಬಹುದು.

ಹೀಗೆ ಹಗ್ಗ ಎಳೆಯುವವರ ತೋಳುಗಳನ್ನು ಗಮನಿಸಿ. ಅವು ಹೆಚ್ಚುಕಡಿಮೆ ನೇರವಾಗಿರುತ್ತವೆ. ಮೈ ಹಿಂದಕ್ಕೆ ವಾಲಿರುತ್ತದೆ, ಹಿಮ್ಮಡಿ ಮರಳಿನಲ್ಲಿ ಹೂತಿರುತ್ತದೆ, ಹೆಜ್ಜೆ ಹಿಂದಕ್ಕೆ ಸರಿಯುತ್ತದೆ. ಮೊಣಕೈ ಮಡಿಸಿ ಎಳೆಯಲು ಹೋಗುವವನು ಬೇಗ ಸೋಲುತ್ತಾನೆ. ಶಾಲೆಯ ಹಗ್ಗಜಗ್ಗಾಟದಲ್ಲೂ ಹೀಗೆಯೇ ಆಗುತ್ತದೆ. ಆದರೆ ಅದೇ ಮೀನುಗಾರ ದೋಣಿಯಲ್ಲಿ ನಿಂತು ಬಲೆಯನ್ನು ಮೇಲೆ ಸೆಳೆದುಕೊಳ್ಳುವಾಗ ತೋಳನ್ನು ನೇರ ಇಡುವುದಿಲ್ಲ. ಮೊಣಕೈ ಪಕ್ಕೆಯ ಹತ್ತಿರ ಇರುತ್ತದೆ, ಮಡಿಕೆ ಲಂಬಕೋನದ ಆಸುಪಾಸಿನಲ್ಲಿ ಆಡುತ್ತಿರುತ್ತದೆ. ಕೆಲಸಕ್ಕೆ ತಕ್ಕಂತೆ ಕೋನ ಬದಲಾಗುತ್ತದೆ. ಏಕೆ ಹೀಗೆ?

ಇದಕ್ಕೆ ಮೊದಲ ಉತ್ತರ ಇಟಲಿಯಿಂದ ಬಂತು. ಗೆಲಿಲಿಯೋನ ಪರಂಪರೆಯಲ್ಲಿ ಬೆಳೆದ ಗಣಿತಜ್ಞ ಜೊವಾನಿ ಅಲ್ಫಾನ್ಸೊ ಬೊರೆಲ್ಲಿ ಪ್ರಾಣಿಗಳ ಚಲನೆಯನ್ನು ಕುರಿತು ಬರೆದ ಗ್ರಂಥ, ಅವನು ತೀರಿಕೊಂಡ ಮೇಲೆ, 1680-81ರಲ್ಲಿ ರೋಮಿನಲ್ಲಿ ಅಚ್ಚಾಯಿತು. ಮೂಳೆಗಳು ಸನ್ನೆಕೋಲುಗಳು, ಕೀಲುಗಳು ಅವುಗಳ ಆನಿಕೆಗಳು, ಸ್ನಾಯುಗಳು ಅವನ್ನು ಎಳೆಯುವ ಹಗ್ಗಗಳು ಎಂದು ಅವನು ಲೆಕ್ಕ ಹಾಕಿದ. ಆ ಲೆಕ್ಕದಿಂದ ಹೊರಬಿದ್ದ ಸಂಗತಿ ಅಂದಿನವರನ್ನು ಬೆರಗುಗೊಳಿಸುವಂತಿತ್ತು: ಸ್ನಾಯು ಪ್ರಯೋಗಿಸುವ ಬಲ ನಾವು ಎತ್ತುವ ಭಾರಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ನೀವೇ ಲೆಕ್ಕ ಮಾಡಿ. ರಟ್ಟೆ ನೇರ ಕೆಳಗಿಳಿದಿದೆ, ಮುಂಗೈ ನೆಲಕ್ಕೆ ಸಮಾಂತರವಾಗಿದೆ, ಅಂಗೈಯಲ್ಲಿ 5 ಕಿಲೋ ಭಾರವಿದೆ ಎನ್ನಿ. ಮೊಣಕೈಯಿಂದ ಅಂಗೈಗೆ 35 ಸೆಂಟಿಮೀಟರ್. ರಟ್ಟೆಯ ಮುಂಭಾಗದ ಬೈಸೆಪ್ಸ್ ಸ್ನಾಯು ಮೊಣಕೈಯಿಂದ ಸುಮಾರು 4 ಸೆಂಟಿಮೀಟರ್ ದೂರದಲ್ಲಿ ಎಳೆಯುತ್ತದೆ. ಮುಂಗೈಯ ಸ್ವಂತ ತೂಕವನ್ನು ಬಿಟ್ಟರೂ 5ನ್ನು 35ರಿಂದ ಗುಣಿಸಿ 4ರಿಂದ ಭಾಗಿಸಬೇಕು. ಸುಮಾರು 44 ಕಿಲೋ ತೂಕದಷ್ಟು ಎಳೆತ ಬೇಕಾಗುತ್ತದೆ. ಪ್ರಕೃತಿ ಇಲ್ಲಿ ಬಲವನ್ನು ಕೊಟ್ಟು ವೇಗವನ್ನು ಕೊಂಡಿದೆ. ಸ್ನಾಯು ಒಂದಿಷ್ಟು ಕುಗ್ಗಿದರೆ ಸಾಕು, ಅಂಗೈ ಬಹುದೂರ ಸಾಗುತ್ತದೆ.

ಇನ್ನು ಕೋನದ ಮಾತು. ತೋಳು ಪೂರ್ತಿ ನೇರವಾಗಿರುವುದನ್ನು 0 ಡಿಗ್ರಿ ಎಂದು ಇಟ್ಟುಕೊಳ್ಳೋಣ. ಪೂರ್ತಿ ಮಡಿಸಿದಾಗ ಸುಮಾರು 145 ಡಿಗ್ರಿ. ಭಾರ ಬದಲಾಗದಿದ್ದರೂ ಆನಿಕೆಯಿಂದ ಅದು ಇರುವ ಅಡ್ಡದೂರ ಬದಲಾಗುತ್ತ ಹೋಗುತ್ತದೆ. ಮುಂಗೈ ಅಡ್ಡವಾಗಿರುವಾಗ ಆ ದೂರ ಗರಿಷ್ಠ, ಕೈ ಕೆಳಗೆ ಇಳಿಬಿಟ್ಟಾಗ ಬಹುಮಟ್ಟಿಗೆ ಸೊನ್ನೆ. ಇದು ಭಾರದ ಕಡೆಯ ಲೆಕ್ಕ. ಸ್ನಾಯುವಿನ ಕಡೆಯಲ್ಲೂ ಇಂಥದೇ ಬದಲಾವಣೆ ನಡೆಯುತ್ತದೆ. ತೋಳು ನೇರವಾದಾಗ ಬೈಸೆಪ್ಸ್ ಎಲುಬಿಗೆ ಅಂಟಿಕೊಂಡಂತೆ ಸಾಗುವುದರಿಂದ ಅದರ ಎಳೆತ ಕೀಲನ್ನು ತಿರುಗಿಸುವುದಕ್ಕಿಂತ ಹೆಚ್ಚಾಗಿ ಅದನ್ನು ಒತ್ತಿಹಿಡಿಯುತ್ತದೆ. 90 ಡಿಗ್ರಿಯ ಆಸುಪಾಸಿನಲ್ಲಿ ಅದು ಮುಂಗೈಗೆ ಹೆಚ್ಚು ಅಡ್ಡವಾಗಿ ಎಳೆಯುವುದರಿಂದ ತಿರುಗಿಸುವ ಅನುಕೂಲ ಅತಿ ಹೆಚ್ಚು. ದಡದಲ್ಲಿ ರಂಪಣಿ ಎಳೆಯುವವನ ನೇರ ತೋಳಿನಲ್ಲಿ ಹಗ್ಗದ ಎಳೆತ ಅಂಗೈ, ಮೊಣಕೈ, ಭುಜಗಳನ್ನು ಒಂದೇ ಗೆರೆಯಲ್ಲಿ ಹಾದುಹೋಗುತ್ತದೆ. ಕೀಲುಗಳನ್ನು ತಿರುಗಿಸುವ ಬಲ ಅಲ್ಲಿ ಹುಟ್ಟುವುದೇ ಇಲ್ಲ. ತೋಳು ಬರಿಯ ಕೊಂಡಿಯಾಗುತ್ತದೆ. ಎಳೆಯುವ ಕೆಲಸವನ್ನು ಕಾಲು ಮತ್ತು ಮೈಯ ತೂಕ ಮಾಡುತ್ತವೆ. ದೋಣಿಯಲ್ಲಿ ನಿಂತವನಿಗೆ ಹಿಂದೆ ಸರಿಯಲು ಜಾಗವಿಲ್ಲ, ತೋಳೇ ದುಡಿಯಬೇಕು. ಆದ್ದರಿಂದ ಅದನ್ನು ಅತಿ ಅನುಕೂಲದ ಕೋನಕ್ಕೆ ತಂದುಕೊಳ್ಳುತ್ತಾನೆ.

ಬೊರೆಲ್ಲಿಗಿಂತ ಬಹಳ ಹಿಂದೆಯೇ ಕನ್ನಡ ನಾಡಿನಲ್ಲಿ ವ್ಯಾಯಾಮದ ಶಾಸ್ತ್ರ ಬೆಳೆದಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1130ರ ವೇಳೆಗೆ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದ ಎಂಬ ಭಾಗವಿದೆ. ಜಟ್ಟಿಗಳನ್ನು ವಯಸ್ಸು, ಮೈಕಟ್ಟು, ಬಲಗಳಿಗೆ ತಕ್ಕಂತೆ ವಿಂಗಡಿಸುವ ಕ್ರಮ, ಅವರ ಆಹಾರ, ಪಟ್ಟುಗಳು ಎಲ್ಲ ಅಲ್ಲಿವೆ. ಸಾಧನೆಗಳಲ್ಲಿ ಭಾರ ಎತ್ತುವ ಭಾರಶ್ರಮ, ಈಜುವ ಸಲಿಲಶ್ರಮ, ಕಂಬದ ಮೇಲೆ ಮಾಡುವ ಸ್ತಂಭಶ್ರಮ ಸೇರಿವೆ. ಈ ಕೊನೆಯದನ್ನೇ ಇಂದಿನ ಮಲ್ಲಕಂಬದ ಹಳೆಯ ಉಲ್ಲೇಖವೆಂದು ತಿಳಿಯಲಾಗಿದೆ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಕೃಷ್ಣದೇವರಾಯ ನಸುಕಿನಲ್ಲೆದ್ದು ಎಳ್ಳೆಣ್ಣೆ ಕುಡಿದು, ಮೈಗೂ ಎಣ್ಣೆ ಹಚ್ಚಿಕೊಂಡು, ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ತೋಳುಗಳಲ್ಲಿ ಎತ್ತಿ, ಕತ್ತಿ ತಿರುಗಿಸಿ, ಬೆವರಿನಲ್ಲಿ ಎಣ್ಣೆಯೆಲ್ಲ ಇಳಿದ ಮೇಲೆ ಜಟ್ಟಿಯೊಬ್ಬನೊಡನೆ ಕುಸ್ತಿ ಹಿಡಿಯುತ್ತಿದ್ದನೆಂದು ಬರೆದಿಟ್ಟಿದ್ದಾನೆ.

ಮೈಸೂರಿನ ಗರಡಿಮನೆಗಳಲ್ಲಿ ಈ ಸಾಧನೆಯ ಬಳುವಳಿ ಉಳಿಯಿತು. ಕೆಮ್ಮಣ್ಣಿನ ಅಖಾಡ, ಗೋಡೆಗೆ ಒರಗಿಸಿದ ಗದೆ, ಕರಲಾಕಟ್ಟೆ, ದಂಡ, ಬಸ್ಕಿ. ಈ ಹೆಸರುಗಳನ್ನು ಕೇಳದ ಹಳೇ ಮೈಸೂರಿನವರು ಕಡಿಮೆ. ಇವುಗಳಲ್ಲಿ ದಂಡವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅದೇ ನಮ್ಮ ವಿಷಯದ ತಿರುಳು.

ಶಾಲೆಯ ಡ್ರಿಲ್‌ನಲ್ಲಿ ಮಾಡಿಸುವ ಪುಷ್-ಅಪ್‌ನಲ್ಲಿ ಮೈ ಹಲಗೆಯಂತೆ ನೇರವಾಗಿ ಇಳಿದು ಏಳುತ್ತದೆ. ಗರಡಿಯ ದಂಡ ಹಾಗಲ್ಲ. ಮೊದಲು ಸೊಂಟ ಮೇಲಿರುತ್ತದೆ, ತೋಳು ಮತ್ತು ಬೆನ್ನು ಒಂದೇ ಗೆರೆಯಲ್ಲಿರುತ್ತವೆ. ಅಂದರೆ ಮೈಗೆ ಹೋಲಿಸಿದರೆ ತೋಳು ತಲೆಯ ಮೇಲಕ್ಕೆ ಎತ್ತಿದ ಸ್ಥಿತಿಯಲ್ಲಿದೆ. ಅಲ್ಲಿಂದ ಎದೆ ನೆಲಕ್ಕೆ ತಾಗುವಂತೆ ಕೈಗಳ ನಡುವೆ ನುಸುಳಿ, ಹೆಡೆ ಎತ್ತಿದ ಹಾವಿನಂತೆ ಮೇಲೇಳುತ್ತದೆ. ಈಗ ತೋಳು ಪಕ್ಕೆಯ ಸಮೀಪಕ್ಕೆ ಬಂದಿದೆ. ಒಂದೇ ಒಂದು ದಂಡದಲ್ಲಿ ಭುಜದ ಕೀಲು ನೂರು ಡಿಗ್ರಿಗೂ ಮಿಕ್ಕ ಹಾದಿಯನ್ನು ಹೊರೆ ಹೊತ್ತೇ ಸವೆಸುತ್ತದೆ. ಮೊಣಕೈ ಮಡಿಸಿ ಬಿಚ್ಚುತ್ತದೆ. ಎದೆಯ ಸ್ನಾಯು, ಭುಜದ ಮುಂಭಾಗ, ರಟ್ಟೆಯ ಹಿಂಭಾಗದ ಟ್ರೈಸೆಪ್ಸ್ ಸರದಿಯಂತೆ ಭಾರ ಹೊರುತ್ತವೆ. ಅರ್ಧಕ್ಕೆ ಇಳಿದು ಏಳುವ ದಂಡ ಲೆಕ್ಕಕ್ಕಿಲ್ಲ ಎನ್ನುವ ಗರಡಿಯ ಕಟ್ಟುನಿಟ್ಟಿನ ಹಿಂದೆ ಇರುವ ಲಾಭ ಇದೇ: ಯಾವ ಕೋನವೂ ಅಭ್ಯಾಸದಿಂದ ತಪ್ಪಿಸಿಕೊಳ್ಳುವುದಿಲ್ಲ.

ಅಂದಹಾಗೆ ಪುಷ್-ಅಪ್‌ನಲ್ಲಿ ಕೈಗಳ ಮೇಲೆ ಬೀಳುವ ಭಾರವನ್ನೂ ಕೋನವೇ ನಿರ್ಧರಿಸುತ್ತದೆ. 2011ರಲ್ಲಿ ಪ್ರಕಟವಾದ ಅಳತೆಗಳಂತೆ ಸಾಮಾನ್ಯ ಪುಷ್-ಅಪ್‌ನಲ್ಲಿ ಮೈತೂಕದ ಸುಮಾರು 64 ಶೇಕಡಾ ಕೈಗಳ ಮೇಲಿರುತ್ತದೆ. ಮೊಣಕಾಲೂರಿದರೆ ಅದು 49ಕ್ಕೆ ಇಳಿಯುತ್ತದೆ. ಕೈಗಳನ್ನು 60 ಸೆಂಟಿಮೀಟರ್ ಎತ್ತರದ ಬೆಂಚಿನ ಮೇಲಿಟ್ಟರೆ 41. ಕಾಲುಗಳನ್ನೇ ಅಷ್ಟು ಎತ್ತರಕ್ಕಿಟ್ಟರೆ 74. ಒಂದೂ ಪುಷ್-ಅಪ್ ಬಾರದೆಂದು ಕೊರಗುವ ವಿದ್ಯಾರ್ಥಿನಿಯರು ಬೆಂಚಿನಿಂದ ಆರಂಭಿಸಿ, ವಾರಗಳು ಕಳೆದಂತೆ ಕೆಳಗಿಳಿಯಬಹುದು. ಇದಕ್ಕೆ ಖರ್ಚಿಲ್ಲ.

ಗರಡಿಯ ಗುರುಗಳಿಗೆ ಸ್ನಾಯುವಿನ ಸೂಕ್ಷ್ಮರಚನೆ ಗೊತ್ತಿತ್ತು ಎಂದು ನಾನು ಹೇಳುತ್ತಿಲ್ಲ. ನಮ್ಮಲ್ಲಿ ಎಲ್ಲವೂ ಮೊದಲೇ ಇತ್ತು ಎನ್ನುವ ಮಾತು ಕೇಳಲು ಹಿತ, ಆದರೆ ಅದು ಗುರುಗಳಿಗೂ ನ್ಯಾಯ ಮಾಡುವುದಿಲ್ಲ, ವಿಜ್ಞಾನಿಗಳಿಗೂ ಮಾಡುವುದಿಲ್ಲ. ಹೇಗೆ ಮಾಡಬೇಕು ಎಂಬುದು ಒಂದು ಬಗೆಯ ತಿಳಿವು. ಹಾಗೇಕೆ ಆಗುತ್ತದೆ ಎಂಬುದು ಇನ್ನೊಂದು. ಎರಡನೆಯದು ಬರಲು ಕಪ್ಪೆಯ ಸ್ನಾಯುವೇ ಬೇಕಾಯಿತು.

1890ರ ದಶಕದಲ್ಲಿ ಸ್ವೀಡನ್ನಿನ ಶರೀರಕ್ರಿಯಾ ವಿಜ್ಞಾನಿ ಮ್ಯಾಗ್ನಸ್ ಬ್ಲಿಕ್ಸ್ ಕಪ್ಪೆಯ ಸ್ನಾಯುವನ್ನು ಬೇರೆ ಬೇರೆ ಉದ್ದಕ್ಕೆ ಎಳೆದಿಟ್ಟು ಅದರ ಬಲವನ್ನು ಅಳೆದ. ನಡುವಿನ ಒಂದು ಉದ್ದದಲ್ಲಿ ಅದರ ಬಲ ಗರಿಷ್ಠ. ಬಹಳ ಕುಗ್ಗಿದ್ದರೂ ಬಹಳ ಹಿಗ್ಗಿದ್ದರೂ ಬಲ ಇಳಿಯುತ್ತದೆ ಎಂದು ತಿಳಿಯಿತು. ಇದು ಸನ್ನೆಕೋಲಿನಿಂದ ಬೇರೆಯಾದ ಎರಡನೆಯ ಕಾರಣ. ಕೀಲಿನ ಕೋನ ಬದಲಾದಾಗ ಸ್ನಾಯುವಿನ ಉದ್ದವೂ ಬದಲಾಗುತ್ತದಲ್ಲವೇ? ಉದ್ದಕ್ಕೂ ಬಲಕ್ಕೂ ಇರುವ ನಂಟಿನ ಗುಟ್ಟು ಬಯಲಾದದ್ದು 1954ರ ಮೇ ತಿಂಗಳಲ್ಲಿ. 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಲೇಖನಗಳು ಬಂದವು. ಒಂದು ಆಂಡ್ರ್ಯೂ ಹಕ್ಸ್ಲಿ ಮತ್ತು ರಾಲ್ಫ್ ನೀಡರ್‌ಗೆರ್ಕೆ ಅವರದು, ಇನ್ನೊಂದು ಹ್ಯೂ ಹಕ್ಸ್ಲಿ ಮತ್ತು ಜೀನ್ ಹ್ಯಾನ್ಸನ್ ಅವರದು. ಇಬ್ಬರು ಹಕ್ಸ್ಲಿಗಳಿಗೆ ನೆಂಟಸ್ತಿಕೆ ಏನೂ ಇರಲಿಲ್ಲ, ತಂಡಗಳೂ ಬೇರೆ. ಸ್ನಾಯುವಿನ ಎಳೆಗಳು ತಾವೇ ಕುಗ್ಗುವುದಿಲ್ಲ. ಆಕ್ಟಿನ್ ಎಂಬ ತೆಳು ಎಳೆಗಳು ಮಯೋಸಿನ್ ಎಂಬ ದಪ್ಪ ಎಳೆಗಳ ನಡುವೆ ಜಾರುತ್ತವೆ ಎಂಬುದು ಎರಡರ ತೀರ್ಮಾನವೂ ಆಗಿತ್ತು.

ಎರಡು ಕೈಗಳ ಬೆರಳುಗಳನ್ನು ಒಂದರೊಳಗೊಂದು ಹೆಣೆದು ನೋಡಿ. ತುದಿ ಮಾತ್ರ ಸೇರಿದ್ದರೆ ಹಿಡಿತ ಸಡಿಲ, ನಡುವಿನವರೆಗೆ ಸೇರಿದರೆ ಬಿಗಿ. ಪೂರ್ತಿ ಒಳಹೊಕ್ಕ ಮೇಲೆ ಇನ್ನೂ ಮುಂದೆ ಸರಿಯಲು ಜಾಗವಿಲ್ಲ. ಸ್ನಾಯುವಿನ ಕಿರುಘಟಕವಾದ ಸಾರ್ಕೋಮಿಯರ್‌ನಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ. 1966ರಲ್ಲಿ ಗಾರ್ಡನ್, ಹಕ್ಸ್ಲಿ ಮತ್ತು ಜೂಲಿಯನ್ ಕಪ್ಪೆಯ ಒಂದೇ ಒಂದು ಸ್ನಾಯುತಂತುವಿನ ಮೇಲೆ ಇದನ್ನು ಅಳೆದು ತೋರಿಸಿದರು. ಸಾರ್ಕೋಮಿಯರ್ 2.0ರಿಂದ 2.2 ಮೈಕ್ರೋಮೀಟರ್ ಉದ್ದವಿದ್ದಾಗ ಬಲ ಗರಿಷ್ಠ, ಸುಮಾರು 3.65 ಮೈಕ್ರೋಮೀಟರಿಗೆ ಎಳೆದರೆ ಎಳೆಗಳು ಒಂದನ್ನೊಂದು ಮುಟ್ಟದೆ ಬಲ ಸೊನ್ನೆಯಾಗುತ್ತದೆ. ಮನುಷ್ಯರಲ್ಲಿ ತೆಳು ಎಳೆಗಳು ಇನ್ನಷ್ಟು ಉದ್ದವಾಗಿರುವುದರಿಂದ ಗರಿಷ್ಠ ಬಲದ ಉದ್ದವೂ ಸ್ವಲ್ಪ ಹೆಚ್ಚು.

ಇದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಕಿಲ್ಲ. ಮಣಿಕಟ್ಟನ್ನು ಅಂಗೈಯ ಕಡೆಗೆ ಪೂರ್ತಿ ಬಾಗಿಸಿ, ಈಗ ಮುಷ್ಟಿ ಬಿಗಿಹಿಡಿಯಲು ಪ್ರಯತ್ನಿಸಿ. ಬೆರಳುಗಳು ಸೋಲುತ್ತವೆ. ಬೆರಳು ಮಡಿಸುವ ಸ್ನಾಯುಗಳು ಮುಂಗೈಯಲ್ಲಿದ್ದು, ಅವುಗಳ ಸ್ನಾಯುರಜ್ಜುಗಳು ಮಣಿಕಟ್ಟನ್ನು ದಾಟಿ ಬರುತ್ತವೆ. ಮಣಿಕಟ್ಟು ಬಾಗಿದಾಗಲೇ ಅವು ಕುಗ್ಗಿಬಿಟ್ಟಿರುವುದರಿಂದ ಮುಷ್ಟಿಗೆ ಬಲ ಉಳಿಯುವುದಿಲ್ಲ. ಕುಸ್ತಿಯಲ್ಲಿ ಎದುರಾಳಿಯ ಹಿಡಿತ ಬಿಡಿಸಲು ಅವನ ಮಣಿಕಟ್ಟನ್ನು ಒಳಕ್ಕೆ ಬಾಗಿಸುವ ಉಪಾಯದ ಹಿಂದೆ ಇರುವುದು ಇದೇ. ಮಣಿಕಟ್ಟು ಹಿಂದಕ್ಕೆ ಸ್ವಲ್ಪ ಬಾಗಿರುವಾಗ ಹಿಡಿತ ಅತಿ ಬಿಗಿ. ಹಗ್ಗ ಎಳೆಯುವ ಕೈಗಳೂ ಸಹಜವಾಗಿ ಆ ಭಂಗಿಗೇ ಬರುತ್ತವೆ.

ಮತ್ತೆ ನಮ್ಮ ನಾಡಿಗೆ ಬರೋಣ. 1904-05ರಲ್ಲಿ ಯೂಜೆನ್ ಸ್ಯಾಂಡೋ ಭಾರತದಲ್ಲಿ ಪ್ರವಾಸ ಮಾಡಿದ. ಅವನ ಹೆಸರಿನ ಡಂಬೆಲ್ಲು, ಸ್ಪ್ರಿಂಗು, ಅಂಚೆಯ ಮೂಲಕ ಕಲಿಸುವ ವ್ಯಾಯಾಮ ಕ್ರಮಗಳು ಪಟ್ಟಣಗಳಲ್ಲಿ ಹರಡಿದವು. ಬೆಂಗಳೂರಿನಲ್ಲಿ ಈ ಹೊಸದನ್ನೂ ಗರಡಿಯ ಹಳೆಯದನ್ನೂ ಒಂದೇ ಚಾವಣಿಯಡಿ ತಂದವರು ಕೆ.ವಿ. ಅಯ್ಯರ್. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕರ್ತೃವೆಂದು ಅವರನ್ನು ಓದಿರುವ ವಿದ್ಯಾರ್ಥಿಗಳಿಗೆ, ಅವರು ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿದ ಪ್ರಸಿದ್ಧ ಅಂಗಸಾಧಕ ಎಂಬುದು ಆಶ್ಚರ್ಯದ ಸಂಗತಿಯಾಗಬಹುದು. ಅವರ 'ಮಸಲ್ ಕಲ್ಟ್' 1930ರಲ್ಲಿ, 'ಸೂರ್ಯನಮಸ್ಕಾರ್' 1937ರಲ್ಲಿ ಪ್ರಕಟವಾದವು. ಭಾರದ ಸಾಧನೆಯನ್ನೂ ಸೂರ್ಯನಮಸ್ಕಾರವನ್ನೂ ಹಠಯೋಗವನ್ನೂ ಒಂದಕ್ಕೊಂದು ವಿರೋಧಿ ಎಂದು ಅವರು ಎಣಿಸಲಿಲ್ಲ. ಎಣಿಸುವವರು ಅಂದೂ ಇದ್ದರು, ಇಂದೂ ಇದ್ದಾರೆ.

ಕೋನದ ದೃಷ್ಟಿಯಿಂದ ನೋಡಿದರೆ ಅಯ್ಯರ್ ಅವರ ಕಾಲದ ಸಲಕರಣೆಗಳು ಒಂದೊಂದೂ ಒಂದೊಂದು ಸ್ವಭಾವದವು. ಡಂಬೆಲ್ಲಿನ ತೂಕ ಬದಲಾಗದು, ಆದರೆ ಅದು ಕೀಲನ್ನು ತಿರುಗಿಸುವ ಬಲ ಕೋನದೊಡನೆ ಏರಿಳಿಯುತ್ತದೆ. ಎದೆಯ ಮುಂದೆ ಎಳೆಯುವ ಸ್ಪ್ರಿಂಗು ಆರಂಭದಲ್ಲಿ ಮೃದು, ಎಳೆದಷ್ಟೂ ಬಿಗಿ. ಸ್ನಾಯು ಕುಗ್ಗಿ ಬಲ ಕಡಿಮೆಯಾಗುವ ಕೊನೆಯ ಹಂತದಲ್ಲೇ ಅದರ ಪ್ರತಿರೋಧ ಅತಿ ಹೆಚ್ಚು. ಬೀಸುವ ಗದೆ ಇವೆರಡರ ಹಾಗೂ ಅಲ್ಲ. ಅದು ಬೆನ್ನ ಹಿಂದೆ ಇಳಿದಾಗ ತೋಳು ತಲೆಯ ಪಕ್ಕದಲ್ಲಿದ್ದು, ಮೊಣಕೈ ಪೂರ್ತಿ ಮಡಿದು, ಟ್ರೈಸೆಪ್ಸ್ ಪೂರ್ತಿ ಹಿಗ್ಗಿರುತ್ತದೆ. ಅಲ್ಲಿಂದ ಗದೆಯನ್ನು ಮೇಲೆ ಸೆಳೆಯಬೇಕು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಅದೇ ದಶಕದಲ್ಲಿ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಟಿ. ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಕಲಿಸುತ್ತಿದ್ದರು. ಅವರ 'ಯೋಗ ಮಕರಂದ' 1934ರಲ್ಲಿ ಕನ್ನಡದಲ್ಲೇ ಹೊರಬಂತು. ಅವರೂ ಅವರ ಶಿಷ್ಯ ಬಿ.ಕೆ.ಎಸ್. ಅಯ್ಯಂಗಾರರೂ ಆಸನಗಳನ್ನು ಮಾಡುವ ಮೂಕಿ ಚಿತ್ರವೊಂದು 1938ರದು, ಇಂದಿಗೂ ನೋಡಸಿಗುತ್ತದೆ. ಚಿತ್ರ ತೆಗೆಯುವ ಕಸುಬಿನವನಾದ ನನಗೆ ಅದು ಕೋನಗಳ ಪಾಠಪುಸ್ತಕದಂತೆ ಕಾಣುತ್ತದೆ. ಚತುರಂಗ ದಂಡಾಸನದಂಥ ಭಂಗಿಯನ್ನೇ ತೆಗೆದುಕೊಳ್ಳಿ. ಮುಂಗೈ ಲಂಬವಾಗಿ, ರಟ್ಟೆ ನೆಲಕ್ಕೆ ಸಮಾಂತರವಾಗಿ, ಮೊಣಕೈ 90 ಡಿಗ್ರಿಯಲ್ಲಿ ನಿಲ್ಲುತ್ತದೆ. ಅಂಗೈಯಿಂದ ಭುಜಕ್ಕೆ ಇರುವ ಅಡ್ಡದೂರ ಆಗ ಗರಿಷ್ಠವಾದ್ದರಿಂದ ಭುಜದ ಕೀಲಿನ ಮೇಲೆ ಬೀಳುವ ಹೊರೆಯೂ ಗರಿಷ್ಠ. ಹೊಸಬರ ಭುಜ ಸರಿಯಾಗಿ ಆ ಎತ್ತರದಲ್ಲೇ ನಡುಗುವುದು ಅದಕ್ಕಾಗಿ.

ಇಷ್ಟಾದರೂ ಮೂರನೆಯ ಪ್ರಶ್ನೆ ಉಳಿದಿತ್ತು. ಬೇರೆ ಬೇರೆ ಕೋನಗಳಲ್ಲಿ ನರಗಳು ಸ್ನಾಯುವನ್ನು ಎಷ್ಟು ಪ್ರಚೋದಿಸುತ್ತವೆ? ಸ್ನಾಯುವಿಗೂ ವಿದ್ಯುತ್ತಿಗೂ ಸಂಬಂಧವಿದೆ ಎಂದು 1791ರಲ್ಲಿ ಗ್ಯಾಲ್ವಾನಿ ಪ್ರಕಟಿಸಿದ್ದ. ಫ್ರಾನ್ಸಿನ ವೈದ್ಯ ಡ್ಯೂಶೆನ್ ವಿದ್ಯುತ್ತಿನಿಂದ ಒಂದೊಂದೇ ಸ್ನಾಯುವನ್ನು ಕೆರಳಿಸಿ, ಅದರ ಕೆಲಸವನ್ನು 1867ರ ಗ್ರಂಥದಲ್ಲಿ ವಿವರಿಸಿದ್ದ. ಇಪ್ಪತ್ತನೆಯ ಶತಮಾನದಲ್ಲಿ ಈ ದಾರಿ ತಿರುವುಮುರುವಾಯಿತು: ಸ್ನಾಯುವಿಗೆ ವಿದ್ಯುತ್ ಕೊಡುವ ಬದಲು ಅದು ದುಡಿಯುವಾಗ ತಾನಾಗಿ ಹೊರಡಿಸುವ ಅತಿ ಕ್ಷೀಣ ವಿದ್ಯುತ್ತನ್ನು ದಾಖಲಿಸುವುದು. ಇದೇ ಎಲೆಕ್ಟ್ರೋಮಯೋಗ್ರಫಿ, ಚಿಕ್ಕದಾಗಿ ಇ.ಎಂ.ಜಿ.

1944ರಲ್ಲಿ ಅಮೆರಿಕದ ಇನ್‌ಮನ್, ಸಾಂಡರ್ಸ್ ಮತ್ತು ಅಬಟ್ ಈ ವಿಧಾನವನ್ನು ಭುಜಕ್ಕೆ ಅನ್ವಯಿಸಿದರು. ತೋಳನ್ನು ಪೂರ್ತಿ ಮೇಲೆತ್ತುವ 180 ಡಿಗ್ರಿಯಲ್ಲಿ ಸುಮಾರು 120 ಮಾತ್ರ ಭುಜದ ಕೀಲಿನದು, ಉಳಿದ 60 ಹೆಗಲಮೂಳೆ ಬೆನ್ನಿನ ಮೇಲೆ ಜಾರುವುದರಿಂದ ಬರುತ್ತದೆ ಎಂಬ ವಿಖ್ಯಾತ ಲೆಕ್ಕ ಅವರ ಕೊಡುಗೆ. ಗೆಳೆಯನ ಹೆಗಲಮೂಳೆಯ ಮೇಲೆ ಕೈಯಿಟ್ಟು, ತೋಳೆತ್ತಲು ಹೇಳಿ. ಅದು ಸರಿಯುವುದು ನಿಮ್ಮ ಅಂಗೈಗೇ ತಿಳಿಯುತ್ತದೆ. 1957ರಲ್ಲಿ ಬಾಸ್ಮಾಜಿಯನ್ ಮತ್ತು ಲತೀಫ್ ಮೊಣಕೈ ಮಡಿಸುವ ಸ್ನಾಯುಗಳನ್ನು ಪರೀಕ್ಷಿಸಿದರು. ಅಂಗೈ ಮೇಲ್ಮುಖವಾಗಿದ್ದಾಗ ಬೈಸೆಪ್ಸ್ ಹುರುಪಿನಿಂದ ದುಡಿಯುತ್ತದೆ, ಕೆಳಮುಖವಾದರೆ ಹಿಂಜರಿಯುತ್ತದೆ. ಅದರ ಕೆಳಗೆ ಅಡಗಿರುವ ಬ್ರೇಕಿಯಾಲಿಸ್ ಮಾತ್ರ ಎಲ್ಲ ಸ್ಥಿತಿಯಲ್ಲೂ ದುಡಿಯುವ ಎತ್ತು. ಕಂಬಿ ಎಳೆಯುವಾಗ ಅಂಗೈ ನಮ್ಮ ಕಡೆಗಿದ್ದರೆ ಸುಲಭವಾಗುವುದೂ, ಆಚೆಗಿದ್ದರೆ ಕಷ್ಟವಾಗುವುದೂ ಬಹುಪಾಲು ಇದರಿಂದಲೇ.

ಇ.ಎಂ.ಜಿ. ಬಂದಮೇಲೆ ಒಂದು ಗೊಂದಲವೂ ಬಂತು. ಇಂದಿನ ಜಿಮ್ಮುಗಳಲ್ಲಿ ಅದು ಇನ್ನೂ ಓಡಾಡುತ್ತಿದೆ. ಯಾವ ಕೋನದಲ್ಲಿ ವಿದ್ಯುತ್ ಸಂಕೇತ ಜೋರಾಗಿದೆಯೋ ಅಲ್ಲಿ ಸ್ನಾಯುವಿನ ಬಲವೂ ಹೆಚ್ಚು ಎಂಬ ನಂಬಿಕೆ. ಇದು ಸರಿಯಲ್ಲ. ಒಂದೇ ಭಾರವನ್ನು ಹಿಡಿದಿರುವಾಗ, ಸನ್ನೆಯೂ ಉದ್ದವೂ ಪ್ರತಿಕೂಲವಾಗಿರುವ ಕೋನದಲ್ಲಿ ಮಿದುಳು ಹೆಚ್ಚು ತಂತುಗಳನ್ನು ಕೆಲಸಕ್ಕೆ ಕರೆಯಬೇಕಾಗುತ್ತದೆ. ಅಂದರೆ ಸ್ನಾಯು ತಾನು ದುರ್ಬಲವಾಗಿರುವ ಕಡೆಯಲ್ಲೇ ಹೆಚ್ಚು ಕೂಗಿಕೊಳ್ಳಬಹುದು. ಕೂಗನ್ನು ಬಲವೆಂದು ಓದಬಾರದು. ಬೆಂಚ್ ಪ್ರೆಸ್ ವ್ಯಾಯಾಮದಲ್ಲಿ ಬೆಂಚನ್ನು ಓರೆ ಮಾಡಿದಷ್ಟೂ ಭುಜದ ಮುಂಭಾಗದ ಪಾಲು ಏರುತ್ತದೆ. ಎದೆಯ ಮೇಲ್ಭಾಗಕ್ಕೆ 30 ಡಿಗ್ರಿಯ ಸುತ್ತಮುತ್ತ ಅನುಕೂಲವೆಂದು 2020ರ ಅಧ್ಯಯನವೊಂದು ಹೇಳಿದರೆ, ಇತರ ಅಧ್ಯಯನಗಳ ಅಂಕಿಗಳು ಅದಕ್ಕೆ ಪೂರ್ತಿ ಹೊಂದುವುದಿಲ್ಲ. ಹತ್ತು ಡಿಗ್ರಿಗಾಗಿ ಜಗಳವಾಡುವ ತರುಣರನ್ನು ಕಂಡರೆ ನನಗೆ ಸ್ವಲ್ಪ ನಗು ಬರುತ್ತದೆ.

ಇದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ. ಒಂದು ಕೋನದಲ್ಲಿ ಗಳಿಸಿದ ಬಲ ಇನ್ನೊಂದು ಕೋನಕ್ಕೆ ಬರುತ್ತದೆಯೇ? 1953ರಲ್ಲಿ ಜರ್ಮನಿಯ ಹೆಟಿಂಗರ್ ಮತ್ತು ಮ್ಯೂಲರ್, ಅಲುಗಾಡದ ವಸ್ತುವಿನ ವಿರುದ್ಧ ದಿನಕ್ಕೆ 6 ಸೆಕೆಂಡು ಬಲ ಹಾಕಿದರೆ ಸಾಕು, ವಾರಕ್ಕೆ 5 ಶೇಕಡಾ ಬಲ ಹೆಚ್ಚುತ್ತದೆ ಎಂದು ಪ್ರಕಟಿಸಿದಾಗ ಲೋಕವೆಲ್ಲ ಹುರುಪುಗೊಂಡಿತ್ತು. ಅಷ್ಟು ಲಾಭ ಮುಂದಿನವರಿಗೆ ಸಿಗಲಿಲ್ಲ. 1988ರಲ್ಲಿ ಫ್ರಾನ್ಸಿನ ಸಂಶೋಧಕರು ಮೂರು ಗುಂಪುಗಳಿಗೆ ಮೊಣಕೈಯ 25, 80 ಮತ್ತು 120 ಡಿಗ್ರಿಗಳಲ್ಲಿ ಬೇರೆ ಬೇರೆಯಾಗಿ ಇಂಥ ತರಬೇತಿ ಕೊಟ್ಟರು. ಅಭ್ಯಾಸ ಮಾಡಿದ ಕೋನದಲ್ಲೇ ಲಾಭ ಹೆಚ್ಚು. ಸ್ನಾಯು ಕುಗ್ಗಿದ್ದ 120 ಡಿಗ್ರಿಯವರಲ್ಲಂತೂ ಅದು ಆ ಕೋನಕ್ಕೇ ಬಹುಮಟ್ಟಿಗೆ ಕಟ್ಟುಬಿದ್ದಿತ್ತು.

ಈಚೆಗೆ ಜಪಾನಿನಿಂದ ಎರಡು ಅಧ್ಯಯನಗಳು ಬಂದಿವೆ. 2021ರದರಲ್ಲಿ ಒಂದು ಗುಂಪು ಮೊಣಕೈಯನ್ನು 0ಯಿಂದ 50 ಡಿಗ್ರಿಯವರೆಗೆ, ಇನ್ನೊಂದು 80ರಿಂದ 130ರವರೆಗೆ ಮಾತ್ರ ಮಡಿಸುತ್ತ 5 ವಾರ ಭಾರ ಎತ್ತಿತು. ಸ್ನಾಯು ಹಿಗ್ಗಿರುವ ಕಡೆ ದುಡಿದ ಮೊದಲ ಗುಂಪಿನಲ್ಲಿ ಸ್ನಾಯು ದಪ್ಪವಾದದ್ದು ಎರಡನೆಯದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. 2022ರದರಲ್ಲಿ ತೋಳನ್ನು ತಲೆಯ ಮೇಲೆತ್ತಿಟ್ಟು, ಅಂದರೆ ಟ್ರೈಸೆಪ್ಸನ್ನು ಹಿಗ್ಗಿಸಿಟ್ಟು, 12 ವಾರ ಅಭ್ಯಾಸ ಮಾಡಿದಾಗ ಅದರ ಬೆಳವಣಿಗೆ ತೋಳು ಕೆಳಗಿಟ್ಟು ಮಾಡಿದ್ದಕ್ಕಿಂತ ಸುಮಾರು 1.4 ಪಟ್ಟು. ಗದೆ ಬೆನ್ನ ಹಿಂದೆ ಇಳಿದಾಗ ಟ್ರೈಸೆಪ್ಸ್ ಇರುವ ಸ್ಥಿತಿಯೂ ಇದೇ ಅಲ್ಲವೇ? ಗದೆಯ ಮೇಲೆ ನೇರವಾಗಿ ಮಾಡಿದ ಪ್ರಯೋಗಗಳು ಇವಲ್ಲ, ಭಾಗವಹಿಸಿದವರೂ ಕೆಲವೇ ಮಂದಿ; ಹೋಲಿಕೆಯನ್ನು ಅಷ್ಟಕ್ಕೇ ಇಟ್ಟುಕೊಳ್ಳಬೇಕು. 1970ರಲ್ಲಿ ಅಮೆರಿಕದ ಆರ್ಥರ್ ಜೋನ್ಸ್ ಶಂಖದಾಕಾರದ ರಾಟೆಯಿರುವ 'ನಾಟಿಲಸ್' ಯಂತ್ರವನ್ನು ಮಾರುಕಟ್ಟೆಗೆ ತಂದದ್ದು, ಸ್ನಾಯುವಿನ ಬಲ ಏರಿಳಿದಂತೆ ಯಂತ್ರದ ಪ್ರತಿರೋಧವೂ ಏರಿಳಿಯಲಿ ಎಂದು. ಒಳ್ಳೆಯ ಉಪಾಯವೇ. ಆದರೆ ಎಲ್ಲರ ಮೂಳೆಯ ಅಳತೆ ಒಂದೇ ಅಲ್ಲದ್ದರಿಂದ ಒಂದು ರಾಟೆ ಎಲ್ಲರಿಗೂ ಹೊಂದಲಾರದು.

ಈಗ ನಿಮ್ಮ ಅಂಕಪಟ್ಟಿಗೆ ಸಂಬಂಧಿಸಿದ ಮಾತು. 1958ರಲ್ಲಿ ಅಮೆರಿಕದಲ್ಲಿ ಸಿದ್ಧವಾಗಿ 1965ರಲ್ಲಿ ಪರಿಷ್ಕೃತವಾದ ದೇಹದಾರ್ಢ್ಯ ಪರೀಕ್ಷೆಯಲ್ಲಿ ಹುಡುಗರಿಗೆ ಕಂಬಿ ಎಳೆಯುವುದು, ಹುಡುಗಿಯರಿಗೆ ಗಲ್ಲವನ್ನು ಕಂಬಿಯ ಮೇಲಿಟ್ಟು ತೋಳು ಮಡಿಸಿ ನೇತಾಡುವುದು ಇತ್ತು. ನಮ್ಮ ದೈಹಿಕ ಶಿಕ್ಷಣದ ಪಠ್ಯಗಳಿಗೂ ಅದು ಬಂತು. ತೋಳು ಪೂರ್ತಿ ಮಡಿಸಿ ನೇತಾಡುವಾಗ ಮೊಣಕೈ ಮಡಿಸುವ ಸ್ನಾಯುಗಳು ಕುಗ್ಗಿ, ಬಲ ಕಡಿಮೆಯಾಗುವ ಕಡೆ ಇರುತ್ತವೆ. ಆ ಒಂದು ಕೋನದ ಸೆಕೆಂಡುಗಳನ್ನು ಎಣಿಸಿ, ಇವಳ ತೋಳಿನಲ್ಲಿ ಬಲವಿಲ್ಲ ಎಂದು ಬರೆಯುವುದು ನ್ಯಾಯವಲ್ಲ. ಮೀನಿನ ಬುಟ್ಟಿ ಹೊತ್ತು ಮೈಲಿಗಟ್ಟಲೆ ನಡೆದ ಕರಾವಳಿಯ ಹೆಂಗಸರು ಈ ಪರೀಕ್ಷೆಯಲ್ಲಿ ಎಷ್ಟು ಅಂಕ ಪಡೆಯುತ್ತಿದ್ದರೋ!

1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬೋಟುಗಳು ಬಂದು ರಂಪಣಿಯನ್ನು ಬದಿಗೆ ಸರಿಸಿದವು. ಬಂಗಡೆಯ ಹಿಂಡನ್ನು ದಡಕ್ಕೆ ಬರುವ ಮೊದಲೇ ಆಳದಲ್ಲಿ ಸುತ್ತುವರಿಯುವುದು ಅವಕ್ಕೆ ಸಾಧ್ಯವಾಗಿತ್ತು. ಹಗ್ಗವನ್ನು ಬಿಗಿಯುವ ಕೆಲಸವನ್ನು ಯಂತ್ರದ ರಾಟೆ ವಹಿಸಿಕೊಂಡಿತು. ರಂಪಣಿ ಎಳೆದವರ ತೋಳುಗಳಲ್ಲಿ ಯಾವ ಕೋನಕ್ಕೆ ಎಷ್ಟು ಬಲವಿತ್ತು ಎಂಬುದನ್ನು ಇನ್ನು ಅಳೆಯಬೇಕೆಂದರೆ ಅವರಲ್ಲಿ ಬಹುಪಾಲು ಜನ ಮುದುಕರಾಗಿದ್ದಾರೆ.

ನಿಮ್ಮ ತೋಳನ್ನಂತೂ ನೀವು ಅಳೆಯಬಹುದು. ಚೀಲ ತೂಗುವ, 50 ಕಿಲೋವರೆಗೆ ತೋರಿಸುವ ಸ್ಪ್ರಿಂಗ್ ತಕ್ಕಡಿಯೊಂದು ಸಾಕು. ಕುರ್ಚಿಯಲ್ಲಿ ಕುಳಿತು ರಟ್ಟೆಯನ್ನು ಪಕ್ಕೆಗೆ ಒತ್ತಿ ಕೆಳಮುಖವಾಗಿಡಿ. ತಕ್ಕಡಿಯ ಒಂದು ತುದಿಯನ್ನು ಅಲುಗದ ವಸ್ತುವಿಗೂ ಇನ್ನೊಂದನ್ನು ಅಗಲವಾದ ಪಟ್ಟಿಯ ಮೂಲಕ ಮಣಿಕಟ್ಟಿಗೂ ಕಟ್ಟಿ. ಕೋನಮಾಪಕದಿಂದ 30, 60, 90, 120 ಡಿಗ್ರಿಗಳನ್ನು ಗುರುತಿಸಿ, ಪ್ರತಿಯೊಂದರಲ್ಲೂ ನಿಧಾನವಾಗಿ ಬಲ ಏರಿಸುತ್ತ ಹೋಗಿ 3 ಸೆಕೆಂಡು ಹಿಡಿದು ಓದು ಬರೆದುಕೊಳ್ಳಿ. ನಡುವೆ 2 ನಿಮಿಷ ವಿಶ್ರಾಂತಿ ಬೇಕು. ಒಂದೊಂದನ್ನು ಮೂರು ಸಲ ಮಾಡಿ ಸರಾಸರಿ ತೆಗೆದು, ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ 90ರ ಆಸುಪಾಸಿನಲ್ಲಿ ಒಂದು ಗುಡ್ಡ ಏಳುತ್ತದೆ. ಅಂಗೈ ಕೆಳಮುಖ ಮಾಡಿ ಇನ್ನೊಮ್ಮೆ ಅಳೆದರೆ ಗುಡ್ಡ ತಗ್ಗುತ್ತದೆ. ಎರಡು ಎಚ್ಚರ ಮಾತ್ರ. ತಕ್ಕಡಿಯ ಹಗ್ಗ ಪ್ರತಿ ಕೋನದಲ್ಲೂ ಮುಂಗೈಗೆ ಲಂಬವಾಗಿರಬೇಕು, ಇಲ್ಲದಿದ್ದರೆ ನೀವು ಅಳೆಯುವುದು ತೋಳಿನ ಬಲದ ಬದಲು ಹಗ್ಗದ ಓರೆಯನ್ನು. ಪಟ್ಟಿಯನ್ನು ಮಣಿಕಟ್ಟಿಗೇ ಕಟ್ಟಿ; ಅಂಗೈಯಲ್ಲಿ ಹಿಡಿದರೆ ಮೊಣಕೈ ಸೋಲುವ ಮೊದಲೇ ಬೆರಳುಗಳು ಬಿಟ್ಟುಕೊಡುತ್ತವೆ.